ಅವರು ಕೇಳಿದ್ದು ಸೇತುವೆಯ ಹಲಗೆ

ಮಾನ್ಯ ಯೋಜನಾಧಿಕಾರಿಗಳೇ,

ಮೂರು ತಿಂಗಳ ಹಿಂದೆ ತಮ್ಮ ಕಚೇರಿಯಿಂದ ಹೊಳೆಯಾಚೆಯ ಊರಿನ ಬಡಗಿಯೊಬ್ಬರಿಗೆ ಒಂದು ನೋಟಿಸು ಹೋಗಿದೆ. ವಿದೇಶಿ ವಿದ್ಯಾರ್ಥಿಗಳು ಪ್ರೀತಿಯಿಂದ ಕಳಿಸಿದ ಶಾಲಾ ಸಾಮಗ್ರಿಯನ್ನು ಅವರು ‘ದುರುಪಯೋಗ’ಪಡಿಸಿಕೊಂಡರೆಂದೂ ಅದಕ್ಕೆ ಹದಿನೈದು ದಿನಗಳೊಳಗೆ ಲಿಖಿತ ವಿವರಣೆ ಕೊಡತಕ್ಕದ್ದೆಂದೂ ಅದರಲ್ಲಿದೆ. ಆ ಹದಿನೈದು ದಿನ ಎಂದೋ ಕಳೆದಿದೆ. ಬಡಗಿ ವಿವರಣೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ಕೊಡಬೇಕಾದವಳು ನಾನು, ನನ್ನ ನಂತರ ತಾವು. ನನ್ನ ಪಾಲಿನದನ್ನು ಇಲ್ಲಿ ಕೊಡುತ್ತಿದ್ದೇನೆ. ನೇರವಾಗಿ ಕಚೇರಿಗೆ ಕಳಿಸದೆ ಪತ್ರಿಕೆಗೆ ಏಕೆ ಕೊಟ್ಟೆ ಎಂದು ತಮಗೆ ಬೇಸರವಾಗಬಹುದು. ತಮ್ಮ ಕಚೇರಿಗೆ ಬರುವ ಪತ್ರಗಳನ್ನು ಹಾಕಿಡುವ ಬುಟ್ಟಿ ಎಷ್ಟು ಆಳವಾದದ್ದೆಂಬುದು ಒಂಬತ್ತು ವರ್ಷ ಅದರ ಪಕ್ಕದ ಕುರ್ಚಿಯಲ್ಲೇ ಕುಳಿತ ನನಗೆ ಚೆನ್ನಾಗಿ ಗೊತ್ತು.

ನಾನು ಯಾರೆಂದು ತಮಗೆ ನೆನಪಿರಬೇಕು. ಸಮುದ್ರದಾಚೆಯ ವಿಶ್ವವಿದ್ಯಾಲಯದಿಂದ ವರ್ಷಕ್ಕೊಮ್ಮೆ ಇಪ್ಪತ್ತು ವಿದ್ಯಾರ್ಥಿಗಳು ‘ಸಮುದಾಯ ಅಭಿವೃದ್ಧಿ ಸೇವೆ’ಗೆಂದು ಬಂದಿಳಿದಾಗ, ಅವರ ಮಾತನ್ನು ನಮ್ಮವರಿಗೂ ನಮ್ಮವರ ಮಾತನ್ನು ಅವರಿಗೂ ದಾಟಿಸಲು ತಾವು ನೇಮಿಸಿಕೊಂಡ ದುಭಾಷಿ. ವಾರ್ಷಿಕ ವರದಿಯ ಚಿತ್ರಗಳಲ್ಲಿ ತಮಗೂ ಊರಿನ ಹಿರಿಯರಿಗೂ ನಡುವೆ ಅರ್ಧ ಭುಜ ಮಾತ್ರ ಕಾಣಿಸುವ ಹೆಂಗಸು. ಆ ಭಾಷೆಯನ್ನು ನಾನು ಯಾವ ಕಾಲೇಜಿನಲ್ಲೂ ಕಲಿತವಳಲ್ಲ. ಬಂದರಿನ ಹತ್ತಿರದ ಲಾಡ್ಜೊಂದರಲ್ಲಿ ಹನ್ನೊಂದು ವರ್ಷ ಕೌಂಟರಿನ ಹಿಂದೆ ನಿಂತು, ಬಿಸಿನೀರು ಬರುತ್ತಿಲ್ಲ, ಚಾದರ ಒದ್ದೆಯಿದೆ ಎಂಬ ದೂರುಗಳನ್ನು ಕೇಳಿ ಕೇಳಿ ಕಲಿತದ್ದು. ಯಾವ ದೂರಿಗೂ ನಗುನಗುತ್ತಾ ‘ಈಗಲೇ ಸರಿಮಾಡಿಸುತ್ತೇನೆ’ ಎನ್ನುವ ಅಭ್ಯಾಸವೂ ಅಲ್ಲೇ ಅಂಟಿತು. ತಾವು ನನ್ನನ್ನು ಆರಿಸಿಕೊಂಡದ್ದು ಭಾಷೆಗಾಗಿಯೋ ಆ ನಗುವಿಗಾಗಿಯೋ ಎಂದು ಈಚೆಗೆ ಯೋಚಿಸುತ್ತಿರುತ್ತೇನೆ.

ಒಂದೂವರೆ ವರ್ಷದ ಹಿಂದಿನ ಆ ಬೆಳಗ್ಗೆಯನ್ನು ತಮಗೆ ನೆನಪಿಸುತ್ತೇನೆ. ಹೊಳೆಯ ಊರಿನಲ್ಲಿ ‘ಸಮುದಾಯದ ಅಗತ್ಯಗಳ ಸಮಾಲೋಚನಾ ಸಭೆ’ ಇತ್ತು. ಜೀಪಿನಲ್ಲಿ ಹೋಗುವಾಗ ಮುಂದಿನ ಸೀಟಿನಿಂದ ಹಿಂದಕ್ಕೆ ತಿರುಗಿ ತಾವು ನನಗೊಂದು ಪಾಠ ಹೇಳಿದಿರಿ.

“ನೋಡಮ್ಮ, ಅನುವಾದ ಅಂದ್ರೆ ಪದಕ್ಕೆ ಪದ ಅಲ್ಲ. ಭಾವಕ್ಕೆ ಭಾವ. ಅವರು ದೂರದಿಂದ ಬಂದ ಮಕ್ಕಳು. ಭಾವ ಸಂತೋಷದ್ದೇ ಇರಲಿ.”

ನಾನು ತಲೆಯಾಡಿಸಿದೆ. ಏಕೆಂದರೆ ಊರಿನವರಿಗೆ ಏನು ಬೇಕು ಎಂದು ಕೇಳುವ ಆ ಸಭೆಗೆ ಒಂಬತ್ತು ದಿನ ಮೊದಲೇ ಊರಿನವರಿಗೆ ಏನು ಬೇಕೆಂಬುದು ತೀರ್ಮಾನವಾಗಿತ್ತು. ಮಕ್ಕಳ ಆಟದ ಮೈದಾನ, ಶಾಲೆಯ ಗೋಡೆಗೆ ಚಿತ್ರ. ಬಣ್ಣದ ಡಬ್ಬಗಳು ಅದಾಗಲೇ ಬಂದು ಶಾಲೆಯ ಉಗ್ರಾಣದಲ್ಲಿ ಕೂತಿದ್ದವು. ಅವುಗಳ ಸ್ವೀಕೃತಿಗೆ ಸಹಿ ಹಾಕಿದವಳು ನಾನೇ. ಹಾಗಿದ್ದ ಮೇಲೆ ಸಭೆ ಯಾಕೆ ಎಂದು ಕೇಳಿದ್ದರೆ ತಾವು ಅರ್ಜಿ ನಮೂನೆಯ ಏಳನೆಯ ಕಲಂ ತೋರಿಸುತ್ತಿದ್ದಿರಿ. ಅಲ್ಲಿ ‘ಸಮುದಾಯದೊಂದಿಗೆ ಸಮಾಲೋಚಿಸಲಾಗಿದೆಯೇ?’ ಎಂದಿದೆ. ಉತ್ತರಕ್ಕೆ ಬಿಟ್ಟ ಜಾಗದಲ್ಲಿ ‘ಹೌದು’ ಎಂಬ ಪದ ಸರಿಯಾಗಿ ಹಿಡಿಸುತ್ತದೆ. ಅದಕ್ಕಿಂತ ದೊಡ್ಡದೇನೂ ಹಿಡಿಸುವುದಿಲ್ಲ.

ಈ ಪತ್ರ ಓದುವ ಬೇರೆಯವರಿಗಾಗಿ ಆ ಊರನ್ನು ಸ್ವಲ್ಪ ಹೇಳಬೇಕು. ಮನೆಗಳೆಲ್ಲ ಹೊಳೆಯ ಆಚೆ. ಶಾಲೆ, ಆರೋಗ್ಯ ಕೇಂದ್ರ, ಬಸ್ಸು ನಿಲ್ಲುವ ರಸ್ತೆ ಎಲ್ಲವೂ ಈಚೆ. ನಡುವೆ ಒಂದು ಕಾಲುಸೇತುವೆ. ಎರಡು ಕಬ್ಬಿಣದ ತೊಲೆಗಳ ಮೇಲೆ ಅಡ್ಡಡ್ಡಲಾಗಿ ಜೋಡಿಸಿದ ಅರವತ್ತನಾಲ್ಕು ಮರದ ಹಲಗೆಗಳು, ಹಿಡಿದುಕೊಳ್ಳಲು ಒಂದೇ ಬದಿಗೆ ಹಗ್ಗ. ತೊಲೆಗಳು ಇನ್ನೂ ಎರಡು ತಲೆಮಾರು ಬಾಳುವಂಥವು. ಹಲಗೆಗಳಲ್ಲಿ ಇಪ್ಪತ್ತಮೂರು ಕೊಳೆತಿದ್ದವು. ಅಷ್ಟು ದಪ್ಪದ ಗಟ್ಟಿ ಮರವನ್ನು ಆ ಕಡೆ ಕಡಿಯುವಂತಿಲ್ಲ, ಪೇಟೆಯ ಮಿಲ್ಲಿನಿಂದ ಕೊಯ್ಸಿ ತರುವ ಶಕ್ತಿ ಊರಿಗಿಲ್ಲ. ಈ ಲೆಕ್ಕವನ್ನು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವರು ಆ ಊರಿನ ಬಡಗಿ. ಅವರು ನನ್ನ ಸೋದರಮಾವ. ಇದನ್ನು ನಾನು ತಮಗೆ ಒಂಬತ್ತು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ದುಭಾಷಿಗೆ ಸಂಬಂಧಿಕರಿರುವುದು ಕಚೇರಿಗೆ ಹಿಡಿಸುವುದಿಲ್ಲ ಎಂದುಕೊಂಡಿದ್ದೆ.

ಶಾಲೆಯ ಜಗುಲಿಯ ಮೇಲೆ ಊರೆಲ್ಲ ಸೇರಿತ್ತು. ವಿದ್ಯಾರ್ಥಿಗಳು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕುಳಿತಿದ್ದರು. ಹತ್ತೊಂಬತ್ತು ಇಪ್ಪತ್ತರ ಮಕ್ಕಳು, ಬಿಸಿಲಿಗೆ ಮೂಗು ಕೆಂಪಾಗಿತ್ತು. ಅವರ ನಾಯಕ ಕೇಳಿದ: ನಿಮ್ಮ ಊರಿಗೆ ಏನು ಬೇಕು? ಅದನ್ನು ನಾನು ಇದ್ದ ಹಾಗೆಯೇ ನಮ್ಮ ಭಾಷೆಗೆ ತಂದೆ. ಆ ದಿನ ನಾನು ನೆಟ್ಟಗೆ ಅನುವಾದಿಸಿದ ಮಾತು ಅದೊಂದೇ.

ಮಾವ ಎದ್ದು ನಿಂತರು. ಕಿವಿಯ ಮೇಲಿದ್ದ ಪೆನ್ಸಿಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು, ದೊಡ್ಡವರ ಮುಂದೆ ಮಾತನಾಡುವಾಗ ಅದು ಅವರ ಮರ್ಯಾದೆ.

“ಮಕ್ಕಳು ಇಷ್ಟು ದೂರದಿಂದ ಬಂದಿದ್ದಾರೆ, ನಮಗೆಲ್ಲ ಸಂತೋಷ ಸಾರ್. ಆದ್ರೆ ಅವರು ಬಿಸಿಲಲ್ಲಿ ಕಷ್ಟಪಡೋದು ಬೇಡ. ನಮಗೆ ಹಲಗೆ ಕೊಡ್ಸಿ, ಸಾಕು. ಇಪ್ಪತ್ಮೂರು ಹಲಗೆ. ಹೊಡೆಯೋದು ನಾನು ಹೊಡೀತೀನಿ, ಹೊರೋದು ಇವರೆಲ್ಲ ಹೊರ್ತಾರೆ. ಹಲಗೆ ಒಂದಿದ್ರೆ ಮೂರು ದಿನದ ಕೆಲಸ.”

ಹಿಂದೆ ಹೆಂಗಸರ ನಡುವೆ ಕುಳಿತಿದ್ದ ಅವರ ಹೆಂಡತಿ, ನನ್ನ ಅತ್ತೆ, ಕೂತಲ್ಲಿಂದಲೇ ದನಿ ಸೇರಿಸಿದರು: “ಆಟದ ಮೈದಾನ ಅಂತ ಏನೋ ಮಾತಾಡ್ಕೋತಿದ್ರಲ್ಲ, ಅದಕ್ಕೆ ಮಕ್ಕಳು ಬರೋದು ಹೇಗೆ? ಹಾರ್ಕೊಂಡಾ?”

ಜಗುಲಿ ಪೂರ್ತಿ ನಕ್ಕಿತು. ವಿದ್ಯಾರ್ಥಿಗಳೂ ನಕ್ಕರು, ಯಾಕೆಂದು ತಿಳಿಯದೆ. ಎಲ್ಲರೂ ನನ್ನ ಮುಖ ನೋಡಿದರು. ನಾನು ತಮ್ಮ ಮುಖ ನೋಡಿದೆ. ತಾವು ಕೈಗಡಿಯಾರ ನೋಡಿಕೊಂಡಿರಿ.

“ಊರಿನವರಿಗೆ ಬಹಳ ಸಂತೋಷವಾಗಿದೆ,” ಎಂದು ನಾನು ಅವರ ಭಾಷೆಯಲ್ಲಿ ಹೇಳಿದೆ. “ಮಕ್ಕಳಿಗೆ ಆಡಲು ಒಂದು ಜಾಗ ಬೇಕೆಂದು ಬಹಳ ದಿನದಿಂದ ಆಸೆಯಿತ್ತಂತೆ.”

ಇಪ್ಪತ್ತು ಮಕ್ಕಳು ಚಪ್ಪಾಳೆ ತಟ್ಟಿದರು. ಅವರು ತಟ್ಟಿದ್ದನ್ನು ಕಂಡು, ಹಲಗೆ ಮಂಜೂರಾಯಿತೆಂದು ತಿಳಿದು ಊರಿನವರೂ ತಟ್ಟಿದರು. ಮಾವ ಎರಡೂ ಕೈ ಜೋಡಿಸಿದರು. ಆ ಕ್ಷಣದ ಚಿತ್ರ ತಮ್ಮ ವಾರ್ಷಿಕ ವರದಿಯ ಮುಖಪುಟದಲ್ಲಿದೆ. ಎರಡು ಕಡೆಯವರೂ ಅಷ್ಟು ಮನಸಾರೆ ನಗುತ್ತಿರುವ ಚಿತ್ರ ತಮ್ಮ ಕಚೇರಿಯಲ್ಲಿ ಬೇರೊಂದಿಲ್ಲ.

ಆದರೆ ಚಪ್ಪಾಳೆ ತಟ್ಟದ ಒಬ್ಬಳು ಆ ಗುಂಪಿನಲ್ಲಿದ್ದಳು. ಸಣ್ಣ ಮೈಕಟ್ಟಿನ ಹುಡುಗಿ, ಯಾವಾಗಲೂ ಕೈಯಲ್ಲೊಂದು ನೋಟುಬುಕ್ಕು. ನಮ್ಮ ಭಾಷೆಯಲ್ಲಿ ಅವಳು ಮೊದಲು ಕಲಿತ ಪದ ‘ಯಾಕೆ’. ಕಲಿತ ಮೇಲೆ ಬಿಡಲಿಲ್ಲ. ಬಾವಿಗೆ ಮುಚ್ಚಳ ಯಾಕೆ, ಕೋಳಿಯ ಕಾಲಿಗೆ ದಾರ ಯಾಕೆ. ಊರಿನ ಹೆಂಗಸರು ಅವಳಿಗೆ ಯಾಕಮ್ಮ ಎಂದೇ ಹೆಸರಿಟ್ಟುಬಿಟ್ಟರು. ಸಭೆಯ ನಂತರ ಅವಳು ನಮ್ಮ ಜೀಪಿನಲ್ಲಿ ನನ್ನ ಪಕ್ಕ ಕುಳಿತು ನೋಟುಬುಕ್ಕು ತೆರೆದಳು.

“ಆ ಮನುಷ್ಯ ಒಂದು ಪದವನ್ನು ಮೂರು ಸಲ ಹೇಳಿದ. ಆಮೇಲೆ ಬೇರೆಯವರೂ ಹೇಳಿದರು. ‘ಹಲಗೆ’. ಹಾಗೆಂದರೆ ಏನು?”

ಮಾನ್ಯರೇ, ಆಗ ತಾವು ಮುಂದಿನ ಸೀಟಿನಲ್ಲಿದ್ದಿರಿ. ತಮಗೆ ನಮ್ಮ ಭಾಷೆ ಗೊತ್ತು, ಅವರ ಭಾಷೆಯೂ ಗೊತ್ತು. ನಾನು ಏನು ಕೇಳಿಸಿಕೊಂಡು ಏನು ಹೇಳಿದೆ ಎಂದು ಪೂರ್ತಿ ಅರ್ಥಮಾಡಿಕೊಳ್ಳಬಲ್ಲವರು ಆ ಊರಿನಲ್ಲಿ ಅಂದು ತಾವೊಬ್ಬರೇ. ತಮ್ಮ ಕತ್ತು ಸ್ವಲ್ಪ ಈ ಕಡೆಗೆ ವಾಲಿದ್ದನ್ನು ನಾನು ನೋಡಿದೆ. ನಿಜ ಹೇಳಿದರೆ ಮುಂದಿನ ವರ್ಷ ಈ ಸೀಟಿನಲ್ಲಿ ಬೇರೆ ಯಾರೋ ಕೂತಿರುತ್ತಾರೆ ಎಂದು ನನಗನಿಸಿತು. ನಾನು ಹೇಳಿದೆ: “ಹಲಗೆ ಅಂದರೆ ಶಾಲೆಯಲ್ಲಿ ಬರೆಯುವ ಹಲಗೆ. ಕರಿಹಲಗೆ.”

ಅದು ಸುಳ್ಳೇ? ಯಾವ ನಿಘಂಟನ್ನು ತೆಗೆದು ನೋಡಿದರೂ ನಾನು ಸಿಕ್ಕಿಬೀಳುವುದಿಲ್ಲ. ಒಂದು ಪದಕ್ಕೆ ಎರಡು ಅರ್ಥವಿತ್ತು, ನನಗೆ ಅನುಕೂಲವಾದದ್ದನ್ನು ಎತ್ತಿಕೊಟ್ಟೆ. ಯಾಕಮ್ಮ ಅದನ್ನು ಬರೆದುಕೊಂಡಳು. ತಮ್ಮ ಕತ್ತು ಮತ್ತೆ ನೆಟ್ಟಗಾಯಿತು.

ಅವರು ಮೂರು ವಾರ ಇದ್ದರು. ಅವರ ಬಗ್ಗೆ ನನಗೆ ದೂರಿಲ್ಲ, ಇದನ್ನು ಸ್ಪಷ್ಟವಾಗಿ ಹೇಳಬೇಕು. ಅಂಗೈಯಲ್ಲಿ ಬೊಬ್ಬೆ ಎದ್ದರೂ ಗುದ್ದಲಿ ಬಿಡಲಿಲ್ಲ. ಅವರು ನೆಟ್ಟ ಉಯ್ಯಾಲೆಯ ಕಂಬ ಮಾರನೆಯ ದಿನವೇ ವಾಲಿತ್ತು. ಮಾವ ಬಂದು ಅದನ್ನು ಕಿತ್ತು ನೆಟ್ಟಗೆ ನಿಲ್ಲಿಸಿದರು. ಮಕ್ಕಳಿಗೆ ಬೇಜಾರಾಗಬಾರದೆಂದು ಕೊನೆಯ ಬೆಣೆಯನ್ನು ಅವರ ಕೈಯಿಂದಲೇ ಬಡಿಸಿದರು. “ನಮ್ಮ ಹಲಗೆ ಯಾವಾಗ ಬರುತ್ತಂತೆ?” ಎಂದು ನನ್ನನ್ನು ಕೇಳಿದಾಗ “ಆಫೀಸಿನಲ್ಲಿ ಫೈಲು ಓಡ್ತಿದೆ ಮಾವ” ಎಂದೆ. ಲಾಡ್ಜಿನ ಕೌಂಟರಿನ ನಗು ನಕ್ಕೆ.

ಯಾಕಮ್ಮ ಉಳಿದುಕೊಂಡದ್ದು ಮಾವನ ಮನೆಯಲ್ಲಿ. ಅವಳೂ ಅತ್ತೆಯೂ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕುಳಿತು ಗಂಟೆಗಟ್ಟಲೆ ಮಾತನಾಡುತ್ತಿದ್ದರು. ಅತ್ತೆ ನಮ್ಮ ಭಾಷೆಯಲ್ಲಿ, ಅವಳು ತನ್ನ ಭಾಷೆಯಲ್ಲಿ. ತನ್ನ ತಾಯಿಗೆ ಮೊಣಕಾಲು ನೋವು ಎಂಬುದನ್ನು ಅವಳು ಅತ್ತೆಗೆ ತಿಳಿಸಿದ್ದಳು, ಎಣ್ಣೆ ಹೇಗೆ ತಿಕ್ಕಬೇಕೆಂದು ಅತ್ತೆ ಅವಳಿಗೆ ಕಲಿಸಿದ್ದರು. ಒಂಬತ್ತು ವರ್ಷಗಳಲ್ಲಿ ಎರಡು ಕಡೆಯವರ ನಡುವೆ ನಾನು ಕಂಡ ನಿಜವಾದ ಮಾತುಕತೆ ಅದೊಂದೇ. ಅದರಲ್ಲಿ ನಾನಿರಲಿಲ್ಲ.

ಹೊರಡುವ ದಿನ ಅವಳು ನನ್ನ ಮೂಲಕ ಅತ್ತೆಗೆ ಮಾತು ಕೊಟ್ಟಳು: “ಹಲಗೆ ಕಳಿಸುತ್ತೇನೆ. ನಾನು ಮರೆಯುವುದಿಲ್ಲ.” ನಾನು ಅದನ್ನು ಹಾಗೆಯೇ ದಾಟಿಸಿದೆ. ಅತ್ತೆ ಅವಳ ಕೆನ್ನೆ ಸವರಿ, “ನೋಡಿದ್ರಾ, ನಮ್ಮ ಹುಡುಗಿಗೆ ಅರ್ಥ ಆಗಿದೆ” ಎಂದು ಮಾವನಿಗೆ ಹೇಳಿದರು. ಆಗಲಾದರೂ ಬಾಯಿ ಬಿಡಬಹುದಿತ್ತು. ಬಸ್ಸು ಹೊರಡುವುದರಲ್ಲಿತ್ತು. ಅಳುವವರ ನಡುವೆ ತಿದ್ದುಪಡಿ ಹೇಳುವುದು ಕಷ್ಟ. ಇಂಥ ನೆಪಗಳು ನನ್ನ ಹತ್ತಿರ ಇನ್ನೂ ಇವೆ.

ನಾಲ್ಕು ತಿಂಗಳ ನಂತರ ಹಲಗೆ ಬಂತು. ಹನ್ನೆರಡು. ಯಾಕಮ್ಮ ತನ್ನ ಕಾಲೇಜಿನಲ್ಲಿ ಸಹಪಾಠಿಗಳನ್ನೆಲ್ಲ ಕೂಡಿಸಿ, ಅವರಿವರನ್ನು ಕಾಡಿ ಬೇಡಿ ಕಳಿಸಿದ್ದು. ಹಸಿರು ಬಣ್ಣ ಬಳಿದ, ಅಂಚಿಗೆ ತಗಡಿನ ಪಟ್ಟಿ ಕಟ್ಟಿದ ಬರೆಯುವ ಹಲಗೆಗಳು. ತಾವು ಬಂದು ಸಮಾರಂಭ ಮಾಡಿದಿರಿ. ಎರಡು ಕೋಣೆಯ ಶಾಲೆಗೆ ಹನ್ನೆರಡು ಹಲಗೆ ಯಾಕೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಕೇಳುವವಳು ಸಮುದ್ರದಾಚೆ ಇದ್ದಳು.

ಮಾವ ಒಂದನ್ನು ಎತ್ತಿ ಬೆರಳ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. “ಇದು ಮರ ಅಲ್ಲ, ಮರದ ಹೊಟ್ಟು. ಅಂಟು ಹಾಕಿ ಒತ್ತಿದ್ದಾರೆ,” ಎಂದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. “ಕೇಳಿದ್ದೂ ಹಲಗೆ, ಬಂದದ್ದೂ ಹಲಗೆ! ಪಾಪ ಮಕ್ಕಳು, ಅವರಿಗೇನು ಗೊತ್ತಾಗ್ಬೇಕು.” ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಅವರು ನಗುವಾಗ ನಾನೂ ನಕ್ಕೆ.

ಆ ಸಲ ಹೊಳೆ ಎಂದಿಗಿಂತ ಹೆಚ್ಚು ತುಂಬಿ ಬಂತು. ಇಳಿದಾಗ ನೋಡಿದರೆ ನಡುವಿನ ಎಂಟು ಹಲಗೆಗಳು ಹೋಗಿದ್ದವು. ಮಾವ ತಮ್ಮ ಕಚೇರಿಗೆ ಮೂರು ಅರ್ಜಿ ಬರೆದರು. ಮೂರಕ್ಕೂ ಒಂದೇ ಉತ್ತರ: ‘ಸದರಿ ಗ್ರಾಮದಲ್ಲಿ ಯೋಜನೆಯು ಯಶಸ್ವಿಯಾಗಿ ಪೂರ್ಣಗೊಂಡಿರುತ್ತದೆ.’ ಆ ಉತ್ತರಗಳನ್ನು ಬೆರಳಚ್ಚು ಮಾಡಿ ತಮ್ಮ ಸಹಿಗೆ ಇಟ್ಟವಳು ನಾನು. ಶಾಲೆಗೆ ಹೋಗುವ ಮಕ್ಕಳು ಬರಿಯ ತೊಲೆಯ ಮೇಲೆ, ಹಗ್ಗ ಹಿಡಿದು, ಒಂದು ಹೆಜ್ಜೆಯ ಮುಂದೆ ಇನ್ನೊಂದು ಹೆಜ್ಜೆ ಇಟ್ಟು ದಾಟತೊಡಗಿದರು. ನೋಡಿಕೊಂಡು ಎಷ್ಟು ದಿನ ಇರಲಾದೀತು? ಮೇಷ್ಟರ ಕೋಣೆಯಲ್ಲಿ ಗೋಡೆಗೆ ಒರಗಿಸಿಟ್ಟಿದ್ದ ಹತ್ತು ಹಸಿರು ಹಲಗೆಗಳನ್ನು ಮಾವ ಮೇಷ್ಟರನ್ನು ಕೇಳಿಯೇ ತಂದರು. ಸೀಳಿ, ಮೂರು ಮೂರು ಪದರ ಸೇರಿಸಿ ಮೊಳೆ ಹೊಡೆದು, ಎಣ್ಣೆ ಬಳಿದು ತೊಲೆಯ ಮೇಲೆ ಹಾಸಿದರು. ನೀರು ಕುಡಿದರೆ ಅದು ಉಬ್ಬುತ್ತದೆ, ಒಡೆಯುತ್ತದೆ ಎಂದು ಅವರಿಗೆ ಗೊತ್ತಿತ್ತು. ಊರಿನವರನ್ನೆಲ್ಲ ಕರೆದು ಹೇಳಿದರು: “ಒಬ್ಬೊಬ್ಬರೇ ದಾಟಿ. ಭಾರ ಹೊತ್ಕೊಂಡು ದಾಟ್ಬೇಡಿ. ತೊಲೆ ಇರೋ ಕಡೇನೇ ಕಾಲಿಡಿ. ಇದು ಬೇಸಿಗೆ ತನಕ ತಡೆದ್ರೆ ಹೆಚ್ಚು.”

ನಲವತ್ತೊಂದು ದಿನ ತಡೆಯಿತು.

ಆರೋಗ್ಯ ಕೇಂದ್ರದ ನರ್ಸು ಮಾವನ ಕೈಯಲ್ಲಿ ಎರಡು ಸ್ಟೂಲು ಮಾಡಿಸಿದ್ದರು, ಬಂದವರಿಗೆ ಕೂರಲು. ಮಧ್ಯಾಹ್ನ ಒಂದೊಂದಾಗಿ ತಾನೇ ಒಯ್ಯುತ್ತೇನೆ ಎಂದು ಮಾವ ಹೇಳಿದ್ದರಂತೆ. “ನಿಮ್ಮ ಒಂದೊಂದು ಯಾವಾಗ ಮುಗಿಯೋದು, ಅಲ್ಲಿ ಬಸುರಿಯರು ನಿಂತೇ ಇರ್ತಾರೆ,” ಎಂದು ಅತ್ತೆ ಎರಡು ಕೈಯಲ್ಲಿ ಎರಡು ಸ್ಟೂಲು ಹಿಡಿದು ಬೆಳಗ್ಗೆಯೇ ಹೊರಟರು. ನಡು ಸೇತುವೆಯಲ್ಲಿ ಹಸಿರು ಹಲಗೆ ಕಾಲ ಕೆಳಗೆ ಕುಸಿಯಿತು. ಹಗ್ಗ ಹಿಡಿಯಲು ಕೈ ಖಾಲಿ ಇರಲಿಲ್ಲ. ಹೊಳೆ ಆಗ ಇಳಿದಿತ್ತು, ಕೆಳಗೆ ಇದ್ದದ್ದು ಕಲ್ಲು. ಮನೆಯ ಬಾಗಿಲು ಕಳಚಿ ಅದರ ಮೇಲೆ ಮಲಗಿಸಿ, ಮೊಣಕಾಲುದ್ದದ ನೀರಿನಲ್ಲಿ ಹೊತ್ತು ದಾಟಿಸಿದರು.

ಪಟ್ಟಣದ ಆಸ್ಪತ್ರೆಯಲ್ಲಿ ಆರು ದಿನ ಇದ್ದರು. ಎರಡನೆಯ ದಿನ ಎಚ್ಚರವಾದಾಗ ನಾನು ಹತ್ತಿರವಿದ್ದೆ. “ಸ್ಟೂಲು ಏನಾದ್ವು?” ಎಂದು ಮೊದಲು ಕೇಳಿದರು. ಒಂದರ ಕಾಲು ಮುರಿದಿದೆ ಎಂದೆ. “ಅವರಿಗೆ ಹೇಳ್ಬೇಡ. ಮೂರು ದಿನ ಕೂತು ಮಾಡಿದ್ದು.” ಸ್ವಲ್ಪ ಹೊತ್ತಿನ ಮೇಲೆ ಕಣ್ಣು ಮುಚ್ಚಿಕೊಂಡೇ ಅಂದರು: “ಕಾಲಿಗೆ ನೆನೆದ ರಟ್ಟಿನ ಹಾಗೆ ಸಿಕ್ತು ಕಣೇ. ಅದು ಆ ಹುಡುಗಿ ಕಳಿಸಿದ ಹಲಗೆ ಅಂತ ಮಾತ್ರ ಅವಳಿಗೆ ಗೊತ್ತಾಗೋದು ಬೇಡ. ಎಷ್ಟು ಆಸೆಯಿಂದ ಕಳಿಸಿತ್ತು. ಗೊತ್ತಾದ್ರೆ ಊಟ ಸೇರಲ್ಲ ಅದಕ್ಕೆ.”

ಆಗ ನಾನು ಅವರ ಕೈ ಹಿಡಿದುಕೊಂಡಿದ್ದೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಬೇಕಾಗಿದ್ದದ್ದು ಒಂದೇ ವಾಕ್ಯ. ನಾನು ಹೇಳಲಿಲ್ಲ. ಸಂಜೆ ಹೇಳೋಣ, ಸ್ವಲ್ಪ ಚೇತರಿಸಿಕೊಳ್ಳಲಿ, ಎಂದುಕೊಂಡೆ. ಅವರು ಚೇತರಿಸಿಕೊಳ್ಳಲಿಲ್ಲ. ಮಾನ್ಯರೇ, ನನ್ನ ಸುಳ್ಳು ಗೊತ್ತಾಗದೆಯೇ ಅವರು ಹೋದರು. ನನ್ನನ್ನು ಒಳ್ಳೆಯವಳೆಂದುಕೊಂಡೇ ಹೋದರು.

ಮಣ್ಣಾದ ಮೂರನೆಯ ವಾರಕ್ಕೆ ತಮ್ಮ ನೋಟಿಸು ಬಂತು. ‘ದಾನಿಗಳು ಒದಗಿಸಿದ ಶೈಕ್ಷಣಿಕ ಪರಿಕರಗಳನ್ನು ಉದ್ದೇಶಿತವಲ್ಲದ ಕಾರ್ಯಕ್ಕೆ ಬಳಸಿ ದುರುಪಯೋಗಪಡಿಸಿರುವುದು ಕಂಡುಬಂದಿರುವುದರಿಂದ ಸದರಿ ಗ್ರಾಮವನ್ನು ಯೋಜನಾ ಪಟ್ಟಿಯಿಂದ ಕೈಬಿಡಲಾಗಿದೆ.’ ಎಂಥ ವಾಕ್ಯ! ಒಬ್ಬ ಹೆಂಗಸು ಸತ್ತ ಸಂಗತಿ ಅದರಲ್ಲಿ ಎಲ್ಲಿಯೂ ತಗುಲುವುದಿಲ್ಲ. ಮಾವ ಅದನ್ನು ಓದಿಸಲು ನನ್ನನ್ನೇ ಕರೆಸಿದರು. ಸರಕಾರದ ಕನ್ನಡ ಅವರಿಗೆ ಅರ್ಥವಾಗುವುದಿಲ್ಲ, ಅದಕ್ಕೂ ದುಭಾಷಿ ಬೇಕು.

ಅವರು ಕೆಲಸದ ಚಪ್ಪರದಲ್ಲಿ ಬೆಂಚಿನ ಮೇಲೆ ಕುಳಿತಿದ್ದರು. ಉಳಿ, ಗರಗಸ, ಕೀಸುಳಿ ಎಲ್ಲವನ್ನೂ ಗೋಣಿಯಲ್ಲಿ ಸುತ್ತಿ ಕಟ್ಟಿ ಮೂಲೆಗಿಟ್ಟಿದ್ದರು. ಅತ್ತೆ ಹೋದ ಮೇಲೆ ಅವರು ಒಂದು ಮೊಳೆಯನ್ನೂ ಹೊಡೆದಿರಲಿಲ್ಲ. ‘ನಾನು ಹೊಡೆದ ಹಲಗೆ’ ಎಂಬುದೊಂದೇ ಅವರ ಬಾಯಲ್ಲಿ. ನಾನು ಓದಿದೆ.

“ಉದ್ದೇಶಿತವಲ್ಲದ ಅಂದ್ರೆ?”

“ಯಾವುದಕ್ಕೆ ಅಂತ ಕೊಟ್ಟಿದ್ರೋ ಅದಕ್ಕೆ ಬಿಟ್ಟು ಬೇರೆದಕ್ಕೆ ಬಳಸಿದ್ರಿ ಅಂತ.”

“ನಾವು ಕೇಳಿದ್ದು ಯಾವುದಕ್ಕೆ? ಸೇತುವೆಗೆ ತಾನೆ? ಅವರಿಗೆ ತಪ್ಪಾಗಿ ಅರ್ಥ ಆಗಿದ್ರೆ ನಾನೇನು ಮಾಡ್ಲಿ?”

“ಅವರಿಗೆ ತಪ್ಪಾಗಿ ಅರ್ಥ ಆಗಿಲ್ಲ ಮಾವ. ನಾನು ತಪ್ಪಾಗಿ ಹೇಳ್ದೆ.”

ಎಲ್ಲವನ್ನೂ ಹೇಳಿದೆ. ಜಗುಲಿಯ ಚಪ್ಪಾಳೆ, ಜೀಪಿನ ಪ್ರಶ್ನೆ, ಮೂರು ಅರ್ಜಿಗೆ ಬೆರಳಚ್ಚು ಮಾಡಿದ ಉತ್ತರ. ಅವರು ಬೆಂಚಿನ ಬಿರುಕಿನಲ್ಲಿ ಕೂತಿದ್ದ ಮರದ ಪುಡಿಯನ್ನು ಉಗುರಿನಿಂದ ಕೆದಕುತ್ತಾ ಕೇಳಿದರು. ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಿಮ್ಮತ್ತೆ ಇದ್ದಾಗ ಹೇಳ್ಬಹುದಿತ್ತಲ್ಲ?”

“ಹೇಳ್ಬಹುದಿತ್ತು.”

“ಯಾಕೆ ಹೇಳ್ಲಿಲ್ಲ?”

“ಮೊದಲು ಕೆಲಸ ಹೋಗುತ್ತೆ ಅಂತ ಭಯ. ಆಮೇಲೆ ನೀವೆಲ್ಲ ನಗ್ತಿದ್ರಿ, ಹೇಳೋಕಾಗ್ಲಿಲ್ಲ. ಆಮೇಲೆ... ತಡ ಆಯ್ತು ಮಾವ.”

ಅವರು ಎದ್ದರು. “ಈಗ ನನಗೆ ಹೇಳಿದ್ರೆ ಏನು ಬಂತು? ನಾನು ಕೇಳಿದ್ದು ನಿನ್ನನ್ನಲ್ಲ, ಅವರನ್ನ. ಹೇಳೋ ಕಡೆ ಹೋಗಿ ಹೇಳು.” ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅತ್ತೆಯನ್ನು ಮಲಗಿಸಿ ಹೊತ್ತು ತಂದಿದ್ದ ಬಾಗಿಲು ಅದೇ, ಮತ್ತೆ ಕೂರಿಸಿದ್ದರು. ಅಂದಿನಿಂದ ನನ್ನೊಡನೆ ಮಾತಿಲ್ಲ.

ಹೇಳುವ ಕಡೆಗಳು ಎರಡಿದ್ದವು. ಒಂದು ತಾವು. ಇನ್ನೊಂದು ಯಾಕಮ್ಮ. ಅವಳ ಪತ್ರವೊಂದು ತಮ್ಮ ಕಚೇರಿಗೆ ಬಂದು, ಅಲ್ಲಿಂದ ನನ್ನ ಮೇಜಿಗೆ ಬಂದಿತ್ತು. ಮಕ್ಕಳು ಹಲಗೆಯ ಮೇಲೆ ಬರೆಯುತ್ತಿರುವ ಒಂದು ಚಿತ್ರ ಬೇಕು, ಅಮ್ಮ ಹೇಗಿದ್ದಾರೆ ಎಂದು ಕೇಳಿದ್ದಳು; ಅತ್ತೆಯನ್ನು ಅವಳು ಕರೆಯುತ್ತಿದ್ದದ್ದು ಹಾಗೆ. ‘ಸೂಕ್ತ ಉತ್ತರ ನೀಡುವುದು’ ಎಂದು ತಾವು ಮೇಲೆ ಬರೆದು, ಸಮಾರಂಭದ ಒಂದು ಚಿತ್ರವನ್ನೂ ಲಗತ್ತಿಸಿದ್ದಿರಿ. ಆ ಚಿತ್ರದಲ್ಲಿ ಅತ್ತೆ ಇದ್ದರು, ಸೆರಗು ಬಾಯಿಗೆ ಹಿಡಿದು ನಗುತ್ತಾ. ಅವರು ಸತ್ತು ಐದು ವಾರ ಕಳೆದಿತ್ತು. ಇದನ್ನು ಕಳಿಸಿ ‘ಚೆನ್ನಾಗಿದ್ದಾರೆ’ ಎಂದು ಬರೆಯಬೇಕಿತ್ತೇ? ಯಾವ ಭಾವಕ್ಕೆ ಯಾವ ಭಾವ, ಸಾರ್?

ನಾನು ಅವಳಿಗೆ ನಿಜ ಬರೆದೆ. ಅತ್ತೆಯ ಕೊನೆಯ ಮಾತನ್ನು ಮೀರಿದೆ. ಅದು ಸರಿಯೋ ತಪ್ಪೋ ಇಂದಿಗೂ ತಿಳಿಯದು. ಇಪ್ಪತ್ತೊಂದು ವರ್ಷದ ಹುಡುಗಿಯ ತಲೆಯ ಮೇಲೆ ಜೀವಮಾನಕ್ಕಾಗುವ ಭಾರ ಹೊರಿಸಿದೆನೇನೋ. ಆದರೆ ಇನ್ನೊಂದು ಸುಳ್ಳನ್ನು ಅವಳ ಭಾಷೆಯಲ್ಲಿ ಬರೆಯಲು ಕೂತಾಗ ನನಗೆ ಪದಗಳು ಸಿಗಲಿಲ್ಲ. ನೀನು ಕಳಿಸಿದ್ದರಲ್ಲಿ ತಪ್ಪಿಲ್ಲ, ನಾನು ಹೇಳಿದ್ದರಲ್ಲಿ ತಪ್ಪಿದೆ ಎಂದು ಮೂರು ಸಲ ಬರೆದೆ.

ಅವಳ ಉತ್ತರ ಬರಲು ಎರಡು ತಿಂಗಳಾಯಿತು. ಅಷ್ಟರಲ್ಲಿ ನಾನು ಗುರುತಿನ ಚೀಟಿಯನ್ನು ತಮ್ಮ ಮೇಜಿನ ಮೇಲಿಟ್ಟು ಬಂದಿದ್ದೆ. ಉತ್ತರ ಉದ್ದವಿರಲಿಲ್ಲ. ಅತ್ತೆಯ ಬಗ್ಗೆ ಬರೆಯಲು ಈಗ ತನ್ನಿಂದ ಆಗುವುದಿಲ್ಲ ಎಂದಿದ್ದಳು. ಇಲ್ಲಿಗೆ ಬಂದುಹೋದ ಬಗ್ಗೆ ಕಾಲೇಜಿನಲ್ಲಿ ಭಾಷಣ ಮಾಡಲು ಒಪ್ಪಿಕೊಂಡಿದ್ದಳಂತೆ, ಬೇಡವೆಂದು ಹೇಳಿದ್ದಳು. ಕೊನೆಯಲ್ಲಿ ಒಂದೇ ಸಾಲು: ಸೇತುವೆಯ ಹಲಗೆ ಎಷ್ಟು ಉದ್ದ, ಎಷ್ಟು ಅಗಲ, ಎಷ್ಟು ದಪ್ಪ, ಯಾವ ಮರ? ಪೇಟೆಯ ಮಿಲ್ಲಿನಲ್ಲೇ ಕೊಯ್ಸಲು ಏರ್ಪಾಟು ಮಾಡುತ್ತೇನೆ, ನಾನು ಬರುವುದಿಲ್ಲ, ಯಾರೂ ಬರುವುದಿಲ್ಲ.

ಆ ಕಾಗದವನ್ನು ನಮ್ಮ ಭಾಷೆಯಲ್ಲಿ ಬರೆದು, ಒಂದು ಪದವನ್ನೂ ಬಿಡದೆ ಒಂದನ್ನೂ ಸೇರಿಸದೆ, ಮೇಷ್ಟರ ಕೈಯಲ್ಲಿ ಮಾವನಿಗೆ ಕಳಿಸಿದೆ. ಮಾವ ಅದನ್ನು ಓದಿಸಿಕೊಂಡರಂತೆ. ಮಾರನೆಯ ಬೆಳಗ್ಗೆ ಟೇಪು ಹಿಡಿದು ಸೇತುವೆಗೆ ಹೋದರಂತೆ, ಅತ್ತೆ ಬಿದ್ದ ಮೇಲೆ ಮೊದಲ ಸಲ. ಬಿದ್ದ ಜಾಗದ ಹತ್ತಿರ ತೊಲೆಯ ಮೇಲೆ ಸುಮಾರು ಹೊತ್ತು ಕೂತೇ ಇದ್ದರು, ಯಾರೂ ಹತ್ತಿರ ಹೋಗಲಿಲ್ಲ ಎಂದು ಮೇಷ್ಟರು ಹೇಳಿದರು. ಆಮೇಲೆ ಎದ್ದು ಅಳತೆ ಬರೆದುಕೊಂಡರು. ಮೂವತ್ತೊಂದು ಹಲಗೆ. ಹೋದ ವರ್ಷಕ್ಕಿಂತ ಎಂಟು ಹೆಚ್ಚು.

ಈಗ ನನ್ನ ಬೇಡಿಕೆ. ‘ದುರುಪಯೋಗ’ ಎಂಬ ಪದವನ್ನು ಕಡತದಿಂದ ತೆಗೆಯಿರಿ. ಅದು ಇರಲೇಬೇಕೆಂದಿದ್ದರೆ ಬಡಗಿಯ ಹೆಸರಿನ ಮುಂದಲ್ಲ, ನನ್ನ ಹೆಸರಿನ ಮುಂದೆ ಬರೆಯಿರಿ. ಪಕ್ಕದಲ್ಲಿ ತಮ್ಮದಕ್ಕೂ ಸ್ವಲ್ಪ ಜಾಗ ಬಿಡಿ. ಪಟ್ಟಿಯಿಂದ ಕೈಬಿಟ್ಟ ಊರಿಗೆ ಹೊರಗಿನ ನೆರವು ತಮ್ಮ ಅನುಮತಿಯಿಲ್ಲದೆ ಬರುವಂತಿಲ್ಲ ಎಂಬ ನಿಯಮವಿದೆ. ಆ ಮೂವತ್ತೊಂದು ಹಲಗೆಗಳಿಗೆ ಈ ವಾರವೇ ಅನುಮತಿ ಕೊಡಿ. ಸಮಾರಂಭ ಬೇಡ. ಮುಂದಿನ ತಿಂಗಳು ಇನ್ನೊಂದು ಊರಿಗೆ ಇನ್ನಿಪ್ಪತ್ತು ಮಕ್ಕಳು ಬರುತ್ತಿದ್ದಾರೆಂದು ಕೇಳಿದೆ. ಬಣ್ಣದ ಡಬ್ಬ ಬರುವ ಮೊದಲು ಆ ಊರಿಗೆ ಹೋಗಿ. ಏನು ಬೇಕೆಂದು ಕೇಳಿ, ಅವರು ಹೇಳಿ ಮುಗಿಸುವ ತನಕ ಕೈಗಡಿಯಾರ ನೋಡಿಕೊಳ್ಳಬೇಡಿ. ಏನೂ ಬೇಡ ಎಂದರೆ ಹಾಗೆಯೇ ಬರೆದುಕೊಳ್ಳಿ. ಮಕ್ಕಳಿಗೂ ಅದನ್ನೇ ಹೇಳಿ, ಅವರು ತಡೆದುಕೊಳ್ಳುತ್ತಾರೆ. ನಾವು ಅಂದುಕೊಂಡದ್ದಕ್ಕಿಂತ ಅವರು ಗಟ್ಟಿ.

ಬಡಗಿಗೆ ತಾವು ಒಂದು ಕಾಗದ ಬರೆಯಬೇಕೆಂದೂ ಕೇಳಿಕೊಳ್ಳುತ್ತೇನೆ. ಕ್ಷಮೆ ಕೇಳಿದರೆ ಅವರ ಹೆಂಡತಿ ಬರುವುದಿಲ್ಲ, ನನ್ನ ಕ್ಷಮೆಯೂ ಅವರಿಗೆ ಬೇಕಾಗಿಲ್ಲ. ಆದರೂ ಬರೆಯಿರಿ. ಕಚೇರಿಯ ಕನ್ನಡದಲ್ಲಿ ಬೇಡ. ಓದಿ ಹೇಳಲು ಈಗ ಅವರ ಹತ್ತಿರ ನಾನಿಲ್ಲ.

ಇಂತಿ,
ತಮ್ಮ ಪಟ್ಟಿಯಲ್ಲಿ ಇನ್ನೂ ‘ನಂಬಿಕಸ್ಥ, ಅನುಭವಿ’ ಎಂದೇ ನಮೂದಾಗಿರುವ
ಮಾಜಿ ದುಭಾಷಿ